ಬಾಡಿಗೆ ವಿಮಾನದ ಸಾಲವನ್ನು ಲೆಕ್ಕಕ್ಕೆ ಹಿಡಿದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕ ಬರೆಯುತ್ತಲೇ ಷೇರು ವ್ಯವಹಾರವನ್ನೂ ಮಾಡಿಕೊಂಡು ಬಂದಿರುವ ನಾನು, 2013ರಲ್ಲಿ ಒಂದು ವಿಮಾನ ಕಂಪನಿಯ ಷೇರಿಗೆ ಸುಮಾರು 80 ಸಾವಿರ ರೂಪಾಯಿ ಹಾಕಿ, ಕೊನೆಗೆ 20 ಸಾವಿರವನ್ನಷ್ಟೇ ಕೈಗೆ ಪಡೆದೆ. ಆ ಕಂಪನಿಯ ದೀರ್ಘಾವಧಿ ಸಾಲ ಸತತ ಎರಡು ವರ್ಷ ಇಳಿದಿದ್ದನ್ನು ನಂಬಿದ್ದೆ. ಸಾಲ ತೀರಿರಲಿಲ್ಲ, ವರ್ಷದೊಳಗೆ ಕಟ್ಟಬೇಕಾದ ಕಂತುಗಳು ಆಗಿನ ನಮೂನೆಯಂತೆ ‘ಇತರ ಚಾಲ್ತಿ ಹೊಣೆಗಾರಿಕೆ’ಗಳೊಳಗೆ ಸರಿದು ಕುಳಿತಿದ್ದವು. ಕಂಪನಿ ಕಾಯ್ದೆಯ ಲೆಕ್ಕಪತ್ರ ನಮೂನೆಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ ಅವು ಅಲ್ಪಾವಧಿ ಸಾಲದ ಕೆಳಗೆ ಬರುತ್ತವೆ. ಹಳೆಯ ವರ್ಷಗಳನ್ನು ಹೊಸ ವರ್ಷಗಳೊಂದಿಗೆ ಹೋಲಿಸುವವರು ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು.

2015ರಲ್ಲಿ ಇಂಡಿಗೋ ಷೇರುಪೇಟೆಗೆ ಬಂದಾಗ ಅದಕ್ಕೆಂದೇ ಒಂದು ಉದ್ದನೆಯ ಖಾತೆ ಪುಸ್ತಕ ತೆರೆದೆ. ಹೊಸ ವಿಮಾನವನ್ನು ಕೊಂಡು, ಬಾಡಿಗೆ ಕಂಪನಿಗೆ ಮಾರಿ, ಅದನ್ನೇ ಆರು ವರ್ಷದ ಮಟ್ಟಿಗೆ ಬಾಡಿಗೆಗೆ ಪಡೆಯುವ ಪದ್ಧತಿ ಆಗ ಅವರದಾಗಿತ್ತು. ಹೀಗಾಗಿ ಹೊಣೆಯ ಬಹುಪಾಲು ಸಾಲದ ಅಂಕಣಕ್ಕೆ ಬರುತ್ತಲೇ ಇರಲಿಲ್ಲ. ವರ್ಷದ ಬಾಡಿಗೆಯನ್ನು ಎಂಟರಿಂದ ಗುಣಿಸಿ ಸಾಲವೆಂದು ಹಿಡಿಯುವ ಹಳೆಯ ರೂಢಿಯನ್ನು ನಾನೂ ಅನುಸರಿಸಿ ಎರಡು ವರ್ಷ ಹಾಳು ಮಾಡಿಕೊಂಡೆ. ಆ ಲೆಕ್ಕದಲ್ಲಿ ಸಾಲ ಅತಿಯಾಗಿ ಕಂಡು, ಏರುತ್ತಿದ್ದ ಷೇರನ್ನು ಬೇಗನೆ ಮಾರಿದ್ದರಿಂದ ತಪ್ಪಿದ ಲಾಭ ಒಂದು ಲಕ್ಷಕ್ಕೆ ಕಡಿಮೆಯಿಲ್ಲ. ಆಮೇಲೆ ಕೊಪ್ಪಿಕರ ರಸ್ತೆಯಲ್ಲಿ ವಾರ್ಷಿಕ ವರದಿಯ ಟಿಪ್ಪಣಿ ಪುಟಗಳನ್ನಷ್ಟೇ ಮುದ್ರಿಸಿ ತಂದು, ಮುಂದಿನ ಬಾಡಿಗೆ ಬಾಕಿಯನ್ನು ಒಂದು ವರ್ಷದೊಳಗಿನದು, ಐದು ವರ್ಷದೊಳಗಿನದು, ಅದರಾಚೆಯದು ಎಂದು ಕೆಂಪು ಪೆನ್ಸಿಲಿನಿಂದ ಬೇರ್ಪಡಿಸಿ, ಮುಂದೆ ಕಟ್ಟುವ ಹಣದಿಂದ ಅಲ್ಲಿಯವರೆಗಿನ ಬಡ್ಡಿಯನ್ನು ಕಳೆದು ಇಂದಿನ ಬೆಲೆಗೆ ಇಳಿಸತೊಡಗಿದೆ. ಯಾವ ಬಡ್ಡಿ ದರ ಹಿಡಿಯುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನನ್ನ ಕಚೇರಿಯ ಹುಡುಗನೇ, “ಸರ್, ಬಾಡಿಗಿ ಅಂದ್ರ ಸಾಲ ಹೆಂಗ ಆಗ್ತದರೀ?” ಎಂದು ಕೇಳಿದ್ದ. ಒಪ್ಪಂದ ಮುಗಿಯುವವರೆಗೆ ಕಟ್ಟಲೇಬೇಕಾದ ಬಾಡಿಗೆಯೂ ಒಂದು ಸಾಲವೇ. 2019ರ ಏಪ್ರಿಲ್ 1ರಿಂದ, ಬಾಡಿಗೆ ಬಾಕಿಯನ್ನೂ ಹೊಣೆಯೆಂದು ತೋರಿಸಬೇಕೆನ್ನುವ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 116 ಜಾರಿಗೆ ಬಂದು, ಆ ಬಾಕಿಯೆಲ್ಲ ಬ್ಯಾಲೆನ್ಸ್ ಶೀಟಿಗೇ (ಆಸ್ತಿ-ಹೊಣೆಗಳ ಪಟ್ಟಿಗೇ) ಏರಿತು. ಇಂಡಿಗೋದ ಒಟ್ಟು ಸಾಲ 2019ರ ಮಾರ್ಚಿನ ಸುಮಾರು 2,400 ಕೋಟಿಯಿಂದ ಮರುವರ್ಷ 22 ಸಾವಿರ ಕೋಟಿಯನ್ನು ದಾಟಿದಾಗ ಗೆಳೆಯರು ಗಾಬರಿಗೊಂಡರು. ನಾನು ಗಾಬರಿಯಾಗಲಿಲ್ಲ, ಏಕೆಂದರೆ ನನ್ನ ಪುಸ್ತಕದಲ್ಲಿ ಬಾಡಿಗೆ ಹೊಣೆ ಒಂದು ವರ್ಷ ಮೊದಲೇ 19 ಸಾವಿರ ಕೋಟಿಯ ಆಸುಪಾಸಿನಲ್ಲಿತ್ತು. ವರ್ಷದ ಬಾಡಿಗೆ ಸುಮಾರು 5 ಸಾವಿರ ಕೋಟಿ. ಎಂಟು ಪಟ್ಟಿನ ರೂಢಿ ಹಿಡಿದವರು 40 ಸಾವಿರ ಕೋಟಿಯಲ್ಲಿ ನಿಂತಿದ್ದರು.

ನಂತರದ ಏರಿಕೆಯನ್ನು ರೂಪಾಯಿಯಲ್ಲಿ ಅಳೆದರೆ ಮತ್ತೆ ತಪ್ಪುತ್ತದೆ, ಏಕೆಂದರೆ ಬಾಡಿಗೆ ಕಟ್ಟುವುದು ಡಾಲರಿನಲ್ಲಿ. 2020ರ ಮಾರ್ಚಿನಿಂದ 2024ರ ಮಾರ್ಚಿಗೆ ಸಾಲ 51 ಸಾವಿರ ಕೋಟಿಗೆ, ಎಂದರೆ ಎರಡೂಕಾಲು ಪಟ್ಟಿಗೆ ಬೆಳೆಯಿತು. ಡಾಲರು 75ರಿಂದ 83 ರೂಪಾಯಿಗೆ ಏರಿದ್ದನ್ನು ಕಳೆದರೆ ಅದು ಎರಡು ಪಟ್ಟು. ವಿಮಾನಗಳು 262ರಿಂದ 367 ಆದದ್ದನ್ನು ಭಾಗಿಸಿದರೆ ತಲಾ ವಿಮಾನಕ್ಕೆ ಸುಮಾರು ಒಂದೂವರೆ ಪಟ್ಟು. ನಾನು ನೋಡುವುದು ಈ ಕೊನೆಯ ಅಂಕಿಯನ್ನೇ.

ಇದೇ ಲೆಕ್ಕವನ್ನು ನಮ್ಮೂರಿನ ವಿಆರ್‌ಎಲ್ ಲಾಜಿಸ್ಟಿಕ್ಸ್‌ಗೂ ಹಾಕಿ ನೋಡಿದೆ. ಅಲ್ಲಿ ಲಾರಿಗಳು ಬಹುಪಾಲು ಸ್ವಂತದವು, ಬಾಡಿಗೆ ಹೆಚ್ಚಾಗಿ ಗೋದಾಮು ಮತ್ತು ಕಚೇರಿಗಳದ್ದು. ಡಾಲರಿನ ಅಂಕಣ ಖಾಲಿಯೇ ಉಳಿಯಿತು. ಈಗ ಆ ಅಂಕಣದಲ್ಲಿ ಡೀಸೆಲ್ ದರ ಬರೆಯುತ್ತಿದ್ದೇನೆ.