ಮನೆಮಂದಿಗೆಲ್ಲ ಒಂದು ಕಯಾಕ್: ಕಡಿಮೆ ದುಡ್ಡಿಗೆ ಗಟ್ಟಿ ದೋಣಿ ಆರಿಸುವುದು ಹೇಗೆ?

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 10 ಎಕರೆ ಮತ್ತು ಅದಕ್ಕಿಂತ ದೊಡ್ಡ ಕೆರೆಗಳೇ 11,842 ಇವೆ. ಇಲ್ಲಿ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ, ಹುಡುಕಲು ಶುರು ಮಾಡುತ್ತವೆ. ಒಂದು ವರ್ಷ ಕಳೆದು ನೋಡಿದರೆ ಎಷ್ಟೋ ಮನೆಗಳಲ್ಲಿ ಅದು ಗ್ಯಾರೇಜಿನ ಮೂಲೆ ಸೇರಿರುತ್ತದೆ. ಗಂಡ, ಹೆಂಡತಿ, ಮಗು ಕೂತರೆ ಮುಳುಗಿದಂತಾಗುತ್ತದೆ. ಇಲ್ಲವೇ ತಳ ಸೀಳಿರುತ್ತದೆ. ಇಲ್ಲವೇ ಒಮ್ಮೆ ಮಗುಚಿಕೊಂಡಿದ್ದಕ್ಕೆ ಮಕ್ಕಳು ಹೆದರಿ ಮತ್ತೆ ಹತ್ತಲು ಒಪ್ಪುವುದಿಲ್ಲ. ಬಣ್ಣ ಮತ್ತು ಬೆಲೆ ಮಾತ್ರ ನೋಡಿ ಕೊಂಡರೆ ಹೀಗಾಗುತ್ತದೆ. ಸ್ವಲ್ಪ ತಾಳ್ಮೆಯಿಂದ ಹುಡುಕಿದರೆ ಹೊಸದರ ಅರ್ಧ ಬೆಲೆಗೆ ಹತ್ತಾರು ವರ್ಷ ಬಾಳುವ ದೋಣಿ ಸಿಗುತ್ತದೆ.

1. ಮೊದಲು ಬಾಡಿಗೆಗೆ ತೆಗೆದುಕೊಳ್ಳಿ

ಊರಿನ ದೊಡ್ಡ ಪಾರ್ಕುಗಳಲ್ಲಿ ಗಂಟೆ ಲೆಕ್ಕದಲ್ಲಿ ಕಯಾಕ್ ಬಾಡಿಗೆಗೆ ಸಿಗುತ್ತವೆ. ಮನೆಯವರೆಲ್ಲ ಒಮ್ಮೆ ಕೂತು ನೋಡಿ. ಯಾರಿಗೆ ಖುಷಿ, ಯಾರಿಗೆ ಭಯ ಅನ್ನುವುದು ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ.

2. ಒಳಗೆ ಕೂರುವುದೋ, ಮೇಲೆ ಕೂರುವುದೋ?

ಕಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಟ್-ಇನ್ ಕಯಾಕಿನಲ್ಲಿ ಕಾಲು ದೋಣಿಯ ಒಳಗಿರುತ್ತದೆ. ಸಿಟ್-ಆನ್-ಟಾಪ್ ಎಲ್ಲ ಕಡೆ ಮುಚ್ಚಿದ ಟೊಳ್ಳು ದೋಣಿ, ಅದರ ಮೇಲೆ ಕೂರಬೇಕು. ಮೇಲೆ ಬಿದ್ದ ನೀರು ತಳದವರೆಗೆ ಕೊರೆದ ತೂತುಗಳಿಂದ ತಾನಾಗೇ ಇಳಿದುಹೋಗುತ್ತದೆ.

ಮಕ್ಕಳಿರುವ ಮನೆಗೆ ಸಿಟ್-ಆನ್-ಟಾಪೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಗ್ಗದ ಸಿಟ್-ಇನ್ ಮಗುಚಿದರೆ ಒಳಗೆಲ್ಲ ನೀರು ತುಂಬಿಕೊಳ್ಳುತ್ತದೆ. ನೀರನ್ನು ತಡೆಯುವ ಒಳಗೋಡೆ ಅವುಗಳಲ್ಲಿ ಇರುವುದಿಲ್ಲ, ಇದ್ದರೂ ಒಂದೇ ಕಡೆ ಇರುತ್ತದೆ. ಕೆರೆಯ ನಡುವೆ ಆ ನೀರನ್ನು ಖಾಲಿ ಮಾಡುವುದು ಹೊಸಬರಿಂದ ಆಗದ ಕೆಲಸ. ಸಿಟ್-ಆನ್-ಟಾಪ್ ಮಗುಚಿದರೆ ತಿರುಗಿಸಿ, ಹೊಟ್ಟೆ ಅಡ್ಡ ಹಾಕಿ, ಮೇಲೆ ಹತ್ತಬಹುದು. ದಡದ ಹತ್ತಿರ ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಮಕ್ಕಳೂ ಕಲಿಯುತ್ತಾರೆ. ಬಟ್ಟೆ ಒದ್ದೆಯಾಗುತ್ತದೆ ನಿಜ, ಬೇಸಿಗೆಯಲ್ಲಿ ಅದೇನು ದೊಡ್ಡ ವಿಷಯವಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಕರೆದೊಯ್ಯುವ ಆಸೆ ಇದ್ದೇ ಇರುತ್ತದೆ. ಅಮ್ಮನಿಗೆ ಸೀರೆಯಲ್ಲಿ ಕೂರಿಸಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ನೀರಿನಲ್ಲಿ ಕಾಲು ಆಡಿಸಲು ಆಗುವುದಿಲ್ಲ. ಚೂಡಿದಾರ ಹಾಕಿಸಿ, ದುಪಟ್ಟಾ ಕಾರಿನಲ್ಲೇ ಬಿಡಿ. ಮಂಡಿ ನೋವಿರುವವರಿಗೂ ಸಿಟ್-ಆನ್-ಟಾಪ್ ಹತ್ತಿ ಇಳಿಯುವುದು ಸುಲಭ.

ಗಾಳಿ ತುಂಬುವ 100 ಡಾಲರಿನ ಕಯಾಕ್ ಬೇಡ. ಜೋರು ಗಾಳಿಗೆ ಅದು ಬೇಡದ ಕಡೆಗೆ ತೇಲಿಕೊಂಡು ಹೋಗುತ್ತದೆ, ಮೀನಿನ ಗಾಳವೋ ಚೂಪು ಕಲ್ಲೋ ತಾಗಿದರೆ ಕಥೆ ಮುಗಿಯಿತು. ಅಪಾರ್ಟ್‌ಮೆಂಟಿನಲ್ಲಿ ಜಾಗವೇ ಇಲ್ಲ ಅನ್ನುವವರು ದಪ್ಪ ಬಟ್ಟೆಯ ಹೊದಿಕೆ ಇರುವ, ಬೇರೆ ಬೇರೆ ಗಾಳಿ ಕೋಣೆಗಳಿರುವ ಒಳ್ಳೆ ಮಾದರಿಗೇ ದುಡ್ಡು ಕೂಡಿಡಲಿ.

3. ತೂಕದ ಲೆಕ್ಕ ಹಾಕಿ

ಜನ ಜಾಸ್ತಿ ಎಡವುವುದು ಇಲ್ಲೇ. ಪ್ರತಿ ಕಯಾಕಿನ ಮೇಲೆ ಇಷ್ಟು ಪೌಂಡ್ ಹೊರುತ್ತದೆ ಅಂತ ಬರೆದಿರುತ್ತದೆ. ಒಬ್ಬೊಬ್ಬ ಕಂಪನಿಯವರು ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಅದು ಆರಾಮಾಗಿ ತೇಲುವ ತೂಕ ಅಂತ ತಿಳಿಯಬೇಡಿ. ಬರೆದಿರುವುದರ 70 ಪರ್ಸೆಂಟ್ ಮಾತ್ರ ನಿಮ್ಮದು ಅಂದುಕೊಳ್ಳಿ.

ಒಂದು ಉದಾಹರಣೆ. ದೋಣಿಯ ಮೇಲೆ 275 ಪೌಂಡ್ ಅಂತ ಇದೆ. ಅದರ 70 ಪರ್ಸೆಂಟ್ ಅಂದರೆ ಸುಮಾರು 192. ಅಪ್ಪನ ತೂಕ 75 ಕೆಜಿ, ಅಂದರೆ 165 ಪೌಂಡ್. ಐದು ವರ್ಷದ ಮಗು ಸುಮಾರು 40. ಇಬ್ಬರೇ 205 ಆದರು! ನೀರಿನ ಬಾಟಲಿ, ತಿಂಡಿ ಡಬ್ಬಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಷ್ಟು ಭಾರ ಹಾಕಿದರೆ ದೋಣಿ ಆಳಕ್ಕೆ ಕೂರುತ್ತದೆ, ನೀರು ಇಳಿಯಬೇಕಾದ ತೂತುಗಳಿಂದಲೇ ಮೇಲೆ ಉಕ್ಕುತ್ತದೆ. ಮಗು ಒಂದು ಕಡೆ ಬಾಗಿದರೆ ಸಾಕು, ದೋಣಿಯೂ ವಾಲುತ್ತದೆ.

ಈಗ 500 ಪೌಂಡ್ ಅಂತ ಬರೆದಿರುವ ಇಬ್ಬರ ಕಯಾಕ್ ತೆಗೆದುಕೊಳ್ಳಿ. 70 ಪರ್ಸೆಂಟ್ ಅಂದರೆ 350. ಅಪ್ಪ 165, ಅಮ್ಮ 130, ಮಗು 40, ಊಟದ ಚೀಲ 15. ಸರಿಯಾಗಿ 350. ನಡುವೆ ಮಗು ಕೂರಲು ಮೂರನೇ ಜಾಗ ಇರುವ ಮಾದರಿಗಳು ಸಿಗುತ್ತವೆ, ಅಂಥದ್ದನ್ನೇ ಹುಡುಕಿ. ಮಗು ಬೆಳೆಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಎರಡು ಮೂರು ವರ್ಷ ಕಳೆದ ಮೇಲೆ ಅದಕ್ಕೇ ಒಂದು ಪುಟ್ಟ ಕಯಾಕ್ ಕೊಡಿಸಿದರಾಯಿತು.

ಒಬ್ಬರಿಗೆ ಮಾತ್ರ ಬೇಕಾದರೆ 10 ಅಡಿ ಉದ್ದ, 30 ಇಂಚು ಅಗಲ ಒಳ್ಳೆಯ ಅಳತೆ. 8 ಅಡಿಯವು ಅಗ್ಗ, ಆದರೆ ಪ್ರತಿ ಸಲ ಹುಟ್ಟು ಹಾಕಿದಾಗಲೂ ಮೂತಿ ಅತ್ತ ಇತ್ತ ತಿರುಗುತ್ತದೆ. ದೊಡ್ಡವರಿಗೆ ಅವು ಬೇಡ. ಮಿನೆಸೋಟಾದಲ್ಲಿ 10 ಅಡಿಗಿಂತ ಉದ್ದದ ಕಯಾಕಿಗೆ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಆ ಶುಲ್ಕ ಉಳಿಸಲು ಇಡೀ ಮನೆಯವರನ್ನು ಗಿಡ್ಡ ದೋಣಿಯಲ್ಲಿ ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

4. ಸೆಕೆಂಡ್ ಹ್ಯಾಂಡ್ ದೋಣಿಯನ್ನು ಮುಟ್ಟಿ, ಒತ್ತಿ, ಬಾಗಿಸಿ ನೋಡಿ

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಡುಕಿ. ಚಳಿಗಾಲಕ್ಕೆ ಗ್ಯಾರೇಜ್ ಖಾಲಿ ಮಾಡುವವರು ಬೆಲೆ ಇಳಿಸುತ್ತಾರೆ. ಬಾಡಿಗೆಗೆ ಕೊಡುವ ಅಂಗಡಿಗಳೂ ಸೀಸನ್ ಮುಗಿದಾಗ ಹಳೆಯವನ್ನು ಮಾರುತ್ತವೆ. ಅವುಗಳ ಮೇಲೆ ಗೀರು ಜಾಸ್ತಿ ಇರುತ್ತವೆ, ಆದರೆ ಒರಟು ಬಳಕೆಗೆಂದೇ ಆರಿಸಿದ ಗಟ್ಟಿ ದೋಣಿಗಳು ಅವು.

ಅಗ್ಗದ ಕಯಾಕ್‌ಗಳೆಲ್ಲ ಹೆಚ್ಚುಕಡಿಮೆ ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು, ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಜಾತಿಯವೇ. ಬಿಸಿ ಅಚ್ಚಿನಲ್ಲಿ ಪ್ಲಾಸ್ಟಿಕ್ ಪುಡಿ ಹಾಕಿ, ಅಚ್ಚನ್ನು ತಿರುಗಿಸಿ ಮಾಡಿದ ದೋಣಿಯಲ್ಲಿ ಜೋಡಣೆಯೇ ಇರುವುದಿಲ್ಲ. ನನ್ನ ಆಯ್ಕೆ ಅದು. ಹಾಳೆಗಳನ್ನು ಬಿಸಿ ಮಾಡಿ ಅಚ್ಚೊತ್ತಿದ ದೋಣಿಗಳು ಹಗುರ. ಆದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಸೇರಿಸಿದ ಅಂಚು ಸುತ್ತ ಇರುತ್ತದೆ. ಅಂಥದ್ದಾದರೆ ಆ ಅಂಚಿನ ಮೇಲೆ ಪೂರ್ತಿ ಬೆರಳಾಡಿಸಿ, ಎಲ್ಲೂ ಬಿಟ್ಟಿರಬಾರದು.

ದೋಣಿಯನ್ನು ಬೋರಲು ಹಾಕಿ, ಹಗಲು ಬೆಳಕಿನಲ್ಲಿ ನೋಡಿ. ಗೀರುಗಳಿಗೆ ಹೆದರಬೇಡಿ. ಉಗುರು ಆಳಕ್ಕೆ ಇಳಿದರೆ ಮಾತ್ರ ಯೋಚಿಸಿ. ಹಿಂಬದಿಯ ತಳವನ್ನು ವಿಶೇಷವಾಗಿ ಗಮನಿಸಿ. ಒಬ್ಬರೇ ಎತ್ತಲಾಗದೆ ಕಾಂಕ್ರೀಟ್ ಮೇಲೆ ಎಳೆದುಕೊಂಡು ಹೋದರೆ ಸವೆಯುವುದು ಆ ಜಾಗವೇ. ಹೆಬ್ಬೆರಳಿನಿಂದ ಒತ್ತಿ, ಬೇರೆ ಕಡೆಗಿಂತ ಮೆತ್ತಗಿದ್ದರೆ ಬಿಟ್ಟುಬಿಡಿ. ಆಮೇಲೆ ನೀರಿಳಿಯುವ ಪ್ರತಿ ತೂತಿನ ಸುತ್ತ ನೋಡಿ. ಆ ತೂತಿಗೆ ಸಿಕ್ಕಿಸುವ ಚಕ್ರದ ಗಾಡಿಗಳಿವೆ, ಅವುಗಳ ಒತ್ತಡಕ್ಕೆ ಕೂದಲೆಳೆಯಂಥ ಬಿರುಕು ಬರುತ್ತದೆ. ಸೀಟಿನ ಕೆಳಗೂ, ಹಿಡಿಕೆ ಕೂರಿಸಿದ ಕಡೆಯೂ ಹುಡುಕಿ.

ಬಿರುಕಿಗೆ ಅಂಟು ಮೆತ್ತಿ 'ರಿಪೇರಿ ಆಗಿದೆ' ಅನ್ನುವವರನ್ನು ನಂಬಬೇಡಿ. ಈ ಪ್ಲಾಸ್ಟಿಕ್‌ಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ ಕರಗಿಸಿ ಬೆಸುಗೆ ಹಾಕಿದ್ದರೆ ಮಾತ್ರ ನಿಲ್ಲುತ್ತದೆ. ಅನುಮಾನ ಇದ್ದರೆ ಮುಚ್ಚಳ ತೆಗೆದು ಎರಡು ಬಕೆಟ್ ನೀರು ಸುರಿಯಿರಿ. ದೋಣಿಯನ್ನು ಹಿಂದೆ ಮುಂದೆ ವಾಲಿಸಿ, ತಳದ ಹೊರಮೈ ಒಣಗಿದೆಯೇ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಬಿರುಕಿಲ್ಲದೆ ತಳ ಒಳಕ್ಕೆ ತಗ್ಗಿದೆ ಅಷ್ಟೇ ಅಂತಾದರೆ ಚೌಕಾಸಿ ಮಾಡಿ ಕೊಳ್ಳಬಹುದು. ಬಿಸಿಲಿಗೆ ಕಾಯಿಸಿ ಒಳಗಿನಿಂದ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಣ್ಣ ಬೆಳ್ಳಗಾಗಿ, ಕೈಗೆ ಸುಣ್ಣದಂತೆ ಪುಡಿ ಹತ್ತಿದರೆ ಬೇಡ. ಬಿಸಿಲು ಪ್ಲಾಸ್ಟಿಕ್‌ನ ಬಲವನ್ನು ತಿಂದಿದೆ ಎಂದೇ ಅರ್ಥ.

ಕೊನೆಗೆ ಹಿಂಬದಿಯ ಬಲಗಡೆ ಕೊರೆದಿರುವ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಓದಿ. ಕೊನೆಯ ಎರಡು ಅಂಕಿ ಮಾದರಿಯ ವರ್ಷ. 'ಎರಡೇ ವರ್ಷ ಹಳೆಯದು' ಅನ್ನುವ ದೋಣಿಯ ಕೊನೆಯಲ್ಲಿ 09 ಇದ್ದರೆ ಅದು 2009ರದ್ದು. ಸಂಖ್ಯೆಯನ್ನು ಉಜ್ಜಿ ತೆಗೆದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಕಳವಿನ ಮಾಲು ಇರಬಹುದು.

5. ಉಳಿದ ದುಡ್ಡನ್ನು ಲೈಫ್ ಜಾಕೆಟ್‌ಗೆ ಹಾಕಿ

ನಮ್ಮಲ್ಲಿ ಎಷ್ಟೋ ದೊಡ್ಡವರಿಗೆ ಈಜು ಬರುವುದಿಲ್ಲ, ಅಲ್ವಾ? ಹಾಗಾಗಿ ಜಾಕೆಟ್ ಎಲ್ಲರ ಮೈಮೇಲೆ ಇರಬೇಕು. ಸೀಟಿನ ಹಿಂದೆ ಸಿಕ್ಕಿಸಿಟ್ಟರೆ ಸಾಲದು. ಮಿನೆಸೋಟಾ ಕಾನೂನಿನ ಪ್ರಕಾರ ದೋಣಿ ಸಾಗುವಾಗ 10 ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು, ಉಳಿದವರಿಗೆ ತಲಾ ಒಂದು ದೋಣಿಯಲ್ಲಿರಬೇಕು. ನಾನಂತೂ ದೊಡ್ಡವರಿಗೂ ವಿನಾಯಿತಿ ಕೊಡುವುದಿಲ್ಲ.

ಒಳಗಡೆ ಯು.ಎಸ್. ಕೋಸ್ಟ್ ಗಾರ್ಡ್ ಒಪ್ಪಿಗೆಯ ಚೀಟಿ ಇದೆಯೇ ನೋಡಿ. ಮಕ್ಕಳ ಜಾಕೆಟ್ ತೂಕದ ಮೇಲೆ ಆರಿಸಬೇಕು: 30ರಿಂದ 50 ಪೌಂಡಿನವರಿಗೆ ಒಂದು ಅಳತೆ, 50ರಿಂದ 90ರವರಿಗೆ ಇನ್ನೊಂದು. 'ಬೆಳೆಯುವ ಮಗು' ಅಂತ ದೊಡ್ಡದು ಕೊಳ್ಳಬೇಡಿ. ಬಕಲ್ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ಸಡಿಲ. ತೋಳಿಗೆ ಹಾಕುವ ಗಾಳಿಬುಗ್ಗೆಗಳು ಆಟದ ಸಾಮಾನು, ಅವನ್ನು ಮನೆಯಲ್ಲೇ ಬಿಡಿ. ಪ್ರತಿ ಜಾಕೆಟಿಗೂ ಊದುವ ಸೀಟಿಯೊಂದನ್ನು ಕಟ್ಟಿ.

ಅಗಲದ ದೋಣಿಗೆ ದೊಡ್ಡವರ ಪ್ಯಾಡಲ್ (ಹುಟ್ಟು) 230ರಿಂದ 240 ಸೆಂಟಿಮೀಟರ್ ಇರಲಿ. ಗಿಡ್ಡದಾದರೆ ಕೈ ದೋಣಿಯ ಅಂಚಿಗೆ ಉಜ್ಜುತ್ತದೆ.

6. ಕಾರಿನ ಮೇಲೆ ಕಟ್ಟುವುದು

ಇಬ್ಬರ ಕಯಾಕ್ 60-70 ಪೌಂಡ್ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಸಾದಾ ಬಕಲ್ ಪಟ್ಟಿ ಸಾಕು. ಲಾರಿಗೆ ಕಟ್ಟುವಂಥ, ಹಲ್ಲುಚಕ್ರ ತಿರುಗಿಸಿ ಬಿಗಿಯುವ ಪಟ್ಟಿ ಬೇಡ, ಅದು ತಳವನ್ನು ಸೊಟ್ಟ ಮಾಡುತ್ತದೆ. ಹೈವೇಗೆ ಹೋಗುವುದಾದರೆ ಮೂತಿಗೂ ಒಂದು ಹಗ್ಗ ಇರಲಿ.

7. ನೀರಿಗಿಳಿಸುವಾಗ, ತೆಗೆಯುವಾಗ

ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿ ಕಂಡರೂ ನೀರು ಕೊರೆಯುತ್ತಿರುತ್ತದೆ. ಆ ತಣ್ಣೀರಿಗೆ ಬಿದ್ದರೆ ಉಸಿರು ಕಟ್ಟಿ ಈಜು ಬಲ್ಲವರೂ ಕಂಗೆಡುತ್ತಾರೆ. ಮಕ್ಕಳಿದ್ದರೆ ಜೂನ್ ಕೊನೆಯವರೆಗೆ ಕಾಯಿರಿ. ಬೆಳಿಗ್ಗೆಯೇ ಹೋಗಿ, ಗಾಳಿ ಕಡಿಮೆ ಇರುತ್ತದೆ. ದಡದಿಂದ ದೂರ ಹೋಗಬೇಡಿ.

ಮೇಲೆ ಬಂದ ತಕ್ಷಣ ದೋಣಿಯ ಬಿರಡೆ (ಡ್ರೈನ್ ಪ್ಲಗ್) ಬಿಚ್ಚಿ ಒಳಗೆ ಸೇರಿದ ನೀರನ್ನು ಪೂರ್ತಿ ಬಸಿಯಿರಿ, ಅಂಟಿದ ಪಾಚಿ, ಗಿಡ ಕಿತ್ತುಹಾಕಿ. ಜೀಬ್ರಾ ಮಸಲ್ ಅನ್ನುವ ಪುಟ್ಟ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡುವುದು ಹೀಗೆ ದೋಣಿಗಳ ಜೊತೆಯಲ್ಲೇ. ಅದಕ್ಕೇ ಇಲ್ಲಿ ಇದು ಕಾನೂನು. ಇನ್ನೊಂದು ಕೆರೆಗೆ ಇಳಿಸುವ ಮೊದಲು ಚೆನ್ನಾಗಿ ಒಣಗಿಸಿ. ಚಳಿಗಾಲದಲ್ಲಿ ನೆರಳಿನಲ್ಲಿ ಬೋರಲು ಹಾಕಿ ಅಥವಾ ಪಕ್ಕಕ್ಕೆ ಒರಗಿಸಿಡಿ. ತುದಿಯ ಹಿಡಿಕೆಗಳಿಂದ ನೇತುಹಾಕಿದರೆ ವಸಂತದ ಹೊತ್ತಿಗೆ ದೋಣಿ ಬಾಗಿರುತ್ತದೆ. ಬಿರಡೆಯನ್ನು ದಾರ ಕಟ್ಟಿ ಕೂರುವ ಸೀಟಿಗೇ ಗಂಟು ಹಾಕಿ, ಮುಂದಿನ ಜೂನ್‌ನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ.