ಕಹಿಯಿಂದ ಶುರುವಾಗುವ ಊಟ: ಶುಕ್ತೋ ಮಾಡುವ ಬಗೆ, ಬಡಿಸುವ ಕ್ರಮ

ಬಂಗಾಳಿಗಳ ಊಟವೆಂದರೆ ಮೀನು ಮತ್ತು ರಸಗುಲ್ಲ ಎಂದು ನಂಬಿದವರಿಗೆ ಮೊದಲು ಶುಕ್ತೋ ಬಡಿಸಬೇಕು ಎಂಬುದು ನನ್ನ ಹಟ. ಮಧ್ಯಾಹ್ನದ ಅನ್ನಕ್ಕೆ ಮೊಟ್ಟಮೊದಲು ಕಲಸಿಕೊಳ್ಳುವ, ಹಾಗಲಕಾಯಿ ಹಾಕಿದ, ಬಿಳಿಚಿದ ಬಣ್ಣದ ತರಕಾರಿ ಪದಾರ್ಥ ಅದು. ನಾನು ಸಾಗರದ ಕಡೆಯವಳು, ಮದುವೆಯಾಗಿ ದಕ್ಷಿಣ ಕೋಲ್ಕತ್ತಾಕ್ಕೆ ಬಂದವಳು, ಮೀನು ತಿನ್ನದವಳು. ಹಾಗಾಗಿ ಇಲ್ಲಿನವರು ನಿರಾಮಿಷ್ ಎಂದು ಕರೆಯುವ ಅಡುಗೆಯನ್ನೇ ಅತ್ತೆಯ ಪಕ್ಕ ನಿಂತು ಕಲಿತೆ. ಅದನ್ನು ಕಲಿತ ಮೇಲೆ ಯಾವುದೂ ಕಡಿಮೆಯಾಯಿತೆಂದು ನನಗೆ ಅನ್ನಿಸಿಲ್ಲ.

ನಾಲ್ಕು ಜನರಿಗೆ ಇಷ್ಟು ಬೇಕು: ಒಂದು ಹಾಗಲಕಾಯಿ, ಒಂದು ಬಾಳೆಕಾಯಿ, ಒಂದು ಆಲೂಗಡ್ಡೆ, ಒಂದು ಗೆಣಸು, ಒಂದು ಬದನೆಕಾಯಿ, ಎರಡು ನುಗ್ಗೆಕಾಯಿ, ಅಂಗೈಯಷ್ಟು ಪರಂಗಿಕಾಯಿ. ಜೊತೆಗೆ ಹತ್ತು ಹನ್ನೆರಡು ಬೋಡಿ. ಬೇಳೆ ರುಬ್ಬಿ ಗುಂಡಗೆ ಇಟ್ಟು ಬಿಸಿಲಲ್ಲಿ ಒಣಗಿಸಿದ ಬೋಡಿ ನಮ್ಮ ಸಂಡಿಗೆಯ ಹಾಗೆಯೇ. ಉದ್ದಿನ ಬೇಳೆ ಮತ್ತು ಬೂದುಗುಂಬಳದಿಂದ ಮಾಡಿದ್ದು ನನಗೆ ಅಚ್ಚುಮೆಚ್ಚು. ಮೇದಿನೀಪುರದ ಹೆಂಗಸರು ಗಸಗಸೆ ಹರಡಿದ ತಟ್ಟೆಯ ಮೇಲೆ ಒಡವೆಯ ವಿನ್ಯಾಸದಲ್ಲಿ ಇಡುವ ಗೋಯ್ನಾ ಬೋಡಿಯನ್ನು ಮಾತ್ರ ಶುಕ್ತೋಗೆ ಹಾಕಬೇಡಿ. ಅದನ್ನು ಕರಿದು ಹಾಗೆಯೇ ತಿನ್ನಬೇಕು.

ತರಕಾರಿಯನ್ನು ಬೆರಳುದ್ದ, ಬೆರಳಗಲ ಹೆಚ್ಚಿ. ಅತ್ತೆ ಇಂದಿಗೂ ನೆಲದ ಮೇಲೆ ಬೋಟಿ ಎಂಬ ಈಳಿಗೆ ಇಟ್ಟು, ಕಾಲಲ್ಲಿ ಅದುಮಿ ಹಿಡಿದು ಹೆಚ್ಚುತ್ತಾರೆ. ಈಳಿಗೆಮಣೆ ಗೊತ್ತಿದ್ದ ನನಗೆ ಅದು ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಅವರ ಕಟ್ಟುನಿಟ್ಟು. ಶುಕ್ತೋಗೆ ಉದ್ದ, ಗಸಗಸೆ ರುಬ್ಬಿ ಹಾಕುವ ಆಲೂಗಡ್ಡೆ ಪಲ್ಯ ಆಲೂ ಪೋಸ್ತೋಗೆ ಸಣ್ಣ ಚೌಕ. "ಬೌಮಾ (ಸೊಸೆಯೇ), ಹೆಚ್ಚುವುದರಲ್ಲೇ ಅರ್ಧ ಅಡುಗೆ" ಎನ್ನುತ್ತಾರೆ. ಅದು ನಿಜ: ತುಂಡುಗಳು ಒಂದೇ ಅಳತೆಯಲ್ಲಿದ್ದರೆ ಗೆಣಸು ಕರಗುವ ಮೊದಲೇ ಬಾಳೆಕಾಯಿ ಬೆಂದಿರುತ್ತದೆ.

ಒಂದು ದೊಡ್ಡ ಚಮಚ ಸಾಸಿವೆ, ಒಂದು ದೊಡ್ಡ ಚಮಚ ಗಸಗಸೆಯನ್ನು ಅರ್ಧ ಗಂಟೆ ನೆನೆಸಿ, ಚಿಟಿಕೆ ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಡದೆ ತಿರುಗಿಸಿದರೆ ಸಾಸಿವೆಗೇ ಬೇಡದ ಕಹಿ ಬರುತ್ತದೆ. ಇಲ್ಲಿ ಬೇಕಾದ್ದು ಹಾಗಲದ ಕಹಿ ಮಾತ್ರ.

ಬಾಣಲೆಯಲ್ಲಿ ನಾಲ್ಕು ಚಮಚ ಸಾಸಿವೆ ಎಣ್ಣೆ ಕಾಯಿಸಿ. ಸಣ್ಣಗೆ ಹೊಗೆ ಎದ್ದು ಎಣ್ಣೆಯ ಹಳದಿ ತಿಳಿಯಾಗುವ ತನಕ ಕಾಯಬೇಕು, ಆಮೇಲೆ ಉರಿ ತಗ್ಗಿಸಬೇಕು. ನಮ್ಮ ಕಡೆಯವರು "ಘಾಟು" ಎಂದು ಮೂಗು ಮುಚ್ಚುವುದು ಹಸಿ ಎಣ್ಣೆಗೆ. ಸರಿಯಾಗಿ ಕಾದದ್ದು ಘಮಘಮಿಸುತ್ತದೆ. ಮೊದಲು ಬೋಡಿ ಹುರಿದು ತೆಗೆಯಿರಿ, ನಂತರ ಬದನೆ, ಕಡೆಗೆ ಹಾಗಲಕಾಯಿಯನ್ನು ಅಂಚು ಕೆಂಪಾಗುವಷ್ಟು ಹುರಿದು ಬೇರೆಯೇ ಇಡಿ. ಅದೇ ಎಣ್ಣೆಗೆ ಎರಡು ಪಲಾವ್ ಎಲೆ ಮತ್ತು ಒಂದು ಚಮಚ ಪಾಂಚ್ ಫೋಡನ್. ಮೆಂತ್ಯ, ಜೀರಿಗೆ, ಸೋಂಪು, ಕರಿಜೀರಿಗೆ, ರಾಧುನಿ ಎಂಬ ಐದು ಕಾಳುಗಳ ಇಡಿಯಾದ ಬೆರಕೆ ಇದು. ರಾಧುನಿ ಓಂಕಾಳಿನ ಬಳಗದ ಕಾಳು. ಅದು ಸಿಗದಿದ್ದರೆ ಸಾಸಿವೆ ಹಾಕಿ, ಬಹಳ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ. ಓಂಕಾಳನ್ನೇ ಹಾಕಿದರೆ ಅದರ ಖಾರ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ.

ಈಗ ಗಟ್ಟಿ ತರಕಾರಿಗಳು, ನುಗ್ಗೆಕಾಯಿ, ಉಪ್ಪು, ಒಂದು ಚಮಚ ಜಜ್ಜಿದ ಶುಂಠಿ. ಎರಡು ನಿಮಿಷ ಬಾಡಿಸಿ, ಮುಳುಗುವಷ್ಟು ನೀರು ಹಾಕಿ ಮುಚ್ಚಿ. ಅರಿಸಿನ ಬೇಡ, ಮೆಣಸಿನಕಾಯಿ ಬೇಡ. ಬೆಂದ ಮೇಲೆ ರುಬ್ಬಿದ್ದನ್ನು ಹಾಕಿ ಒಂದು ಕುದಿ, ಉರಿ ತಗ್ಗಿಸಿ ಅರ್ಧ ಬಟ್ಟಲು ಹಾಲು, ಒಂದು ಸಣ್ಣ ಚಮಚ ಸಕ್ಕರೆ. ಹಾಗಲ, ಬದನೆ, ಬೋಡಿ ಕಡೆಯಲ್ಲಿ. ಇಳಿಸುವಾಗ ಒಂದು ಚಮಚ ತುಪ್ಪ.

ಈ ಅಡುಗೆಯನ್ನು ಇಷ್ಟು ಹದಕ್ಕೆ ತಂದವರು ಯಾರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಬಂಗಾಳದ ಮೇಲ್ಜಾತಿಯ ವಿಧವೆಯರಿಗೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಅಷ್ಟೇ ಅಲ್ಲ, ಮಸೂರ ಬೇಳೆಯೂ ನಿಷಿದ್ಧವಾಗಿತ್ತು. ದಿನಕ್ಕೆ ಒಂದೇ ಹೊತ್ತು ಅನ್ನ, ಏಕಾದಶಿಗೆ ಹನಿ ನೀರೂ ಇಲ್ಲದ ಉಪವಾಸ. ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು, ಆದರೆ ಬೇರೆ ಒಲೆ, ಬೇರೆ ಪಾತ್ರೆಯ ಕಟ್ಟಳೆ ತಲೆಮಾರುಗಳವರೆಗೆ ಉಳಿಯಿತು. ಅತ್ತೆಯ ಪಿಶಿಮಾ, ಎಂದರೆ ಸೋದರತ್ತೆ, ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ಹಾಗೆಯೇ ಬದುಕಿದವರು. ಬಾಳೆದಿಂಡು, ಬಾಳೆಹೂವು, ಸೋರೆಕಾಯಿಯ ಸಿಪ್ಪೆಯಿಂದ ಅವರು ಮಾಡುತ್ತಿದ್ದ ಪದಾರ್ಥಗಳಿಗಾಗಿ ಮೀನು ಬಿಟ್ಟು ಮಕ್ಕಳು ಅವರ ಬಳಿ ಕೂರುತ್ತಿದ್ದರಂತೆ. ನಮ್ಮ ಮಲೆನಾಡಿನ ಮಡಿಹೆಂಗಸರನ್ನು ಬಲ್ಲ ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಕೈರುಚಿಯನ್ನು ಹೊಗಳಿದ ಮನೆಯೇ ಆ ತಟ್ಟೆಗೆ ಬೇಲಿ ಹಾಕಿತ್ತಲ್ಲ.

ಇನ್ನು ಬಡಿಸುವ ಕ್ರಮ. ಎಲ್ಲವನ್ನೂ ಒಟ್ಟಿಗೆ ಹಾಕಿ ಕಲಸಬೇಡಿ. ಸ್ವಲ್ಪ ಅನ್ನ, ಅದಕ್ಕೆ ಒಂದೇ ಪದಾರ್ಥ. ಅದು ಮುಗಿದ ಮೇಲೆ ಮುಂದಿನದು. ಮನೆಗಳಲ್ಲಿ ದಿನನಿತ್ಯಕ್ಕೆ ಕುಸುಬಲಕ್ಕಿಯೇ ಹೆಚ್ಚು. ಸಣ್ಣಗಿನ, ಪರಿಮಳದ ಗೋಬಿಂದೋಭೋಗ್ ಅಕ್ಕಿಯನ್ನು ಪಾಯಸಕ್ಕೆ, ಪೂಜೆಯ ಖಿಚುಡಿಗೆ ಎತ್ತಿಡುತ್ತಾರೆ. ಶುಕ್ತೋ ಆದ ಮೇಲೆ ಬೇಳೆ, ಅದರ ಜೊತೆಗೆ ಬದನೆಯ ಬಿಲ್ಲೆಯಂಥ ಏನಾದರೂ ಕರಿದದ್ದು. ನಂತರ ಪಲ್ಯ, ತಿನ್ನುವವರಿಗೆ ಮೀನು. ರಾತ್ರಿ ಶುಕ್ತೋ ಮಾಡುವುದಿಲ್ಲ, ಅದು ಹಗಲಿನ ಊಟದ್ದು.

ಬೇಸಗೆಯಲ್ಲಿ ನನ್ನ ಆಯ್ಕೆ ಬಾಂಕುಡಾ, ಬೀರಭೂಮ್ ಕಡೆಯ ಜೋಡಿ: ಸೋಂಪು, ಶುಂಠಿ ಅರೆದು ಹಾಕಿದ ತೆಳ್ಳನೆಯ ಉದ್ದಿನ ಬೇಳೆ, ಪಕ್ಕದಲ್ಲಿ ಆಲೂ ಪೋಸ್ತೋ. ಕರಿಜೀರಿಗೆ, ಹಸಿಮೆಣಸಿನ ಒಗ್ಗರಣೆಗೆ ಆಲೂಗಡ್ಡೆ ಹಾಕಿ ಹುರಿದು, ರುಬ್ಬಿದ ಗಸಗಸೆ ಬೆರೆಸಿ, ನೀರು ಚಿಮುಕಿಸಿ ಬೇಯಿಸಿ. ಮೇಲೆ ಅರ್ಧ ಚಮಚ ಹಸಿ ಸಾಸಿವೆ ಎಣ್ಣೆ.

ಕೊನೆಗೆ ಟೊಮೇಟೊ ಚಟ್ನಿ. ಪಾಂಚ್ ಫೋಡನ್ ಸಿಡಿಸಿ, ಟೊಮೇಟೊ, ಖರ್ಜೂರ, ಸಕ್ಕರೆ, ಒಣದ್ರಾಕ್ಷಿ ಹಾಕಿ ಜಾಮಿನಷ್ಟು ಗಟ್ಟಿಯಾಗಿಸಿ, ಹುರಿದ ಜೀರಿಗೆ ಪುಡಿ ಉದುರಿಸಿ. ಇದನ್ನು ಅನ್ನಕ್ಕೆ ಕಲಸುವುದಿಲ್ಲ. ಹಪ್ಪಳ ಮುರಿದು ಅದರಲ್ಲೇ ಎತ್ತಿಕೊಂಡು ತಿನ್ನಿ. ಮಿಷ್ಟಿ ದೋಯಿ, ಎಂದರೆ ಸಿಹಿ ಮೊಸರು, ತಂದಿದ್ದರೆ ಅದು ಇದಾದ ಮೇಲೆ.