ಆಪರೇಷನ್ ಥಿಯೇಟರಿನಲ್ಲಿ ಎಸ್‌ಟಿಎನ್ ಸದ್ದು ಹಿಡಿಯುವ ನನ್ನ ಕೆಲಸ

ಪಾರ್ಕಿನ್ಸನ್ ಎಂದರೆ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಕೊರತೆ ಅಂತ ಈಗ ರೋಗಿಗಳ ಮನೆಯವರಿಗೂ ಗೊತ್ತು. ಮಿದುಳಿನ ಆಳದಲ್ಲಿ ಎಲೆಕ್ಟ್ರೋಡ್ ಕೂರಿಸಿ ಕರೆಂಟ್ ಕೊಡುವ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಶಸ್ತ್ರಚಿಕಿತ್ಸೆಯಲ್ಲಿ ಕೂರುವ ನಾನು ಮಾತ್ರ ಹುಡುಕುವುದು ಗ್ಲುಟಮೇಟ್ ಎಂಬ, ಮುಂದಿನ ಕೋಶಗಳನ್ನು ಕೆರಳಿಸುವ ರಾಸಾಯನಿಕ ಬಿಡುವ ಕೋಶಗಳನ್ನು. ಡೋಪಮೈನ್ ಇಳಿದ ಮೇಲೆ ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಅಂದರೆ ಎಸ್‌ಟಿಎನ್, ಹದ್ದು ಮೀರಿ ಕೆಲಸ ಮಾಡುತ್ತದೆ. ಅದು ಸುರಿಸುವ ಗ್ಲುಟಮೇಟಿನಿಂದ ಮುಂದಿನ ಕೇಂದ್ರಗಳು ಕೆರಳಿ, ಚಲನೆಯ ಸಂದೇಶವನ್ನು ಮಿದುಳಿನ ಹೊರಪದರಕ್ಕೆ ದಾಟಿಸುವ ಥಲಾಮಸ್ಸನ್ನು ಅದುಮಿಡುತ್ತವೆ; ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. 1990ರಲ್ಲಿ ಬರ್ಗ್‌ಮನ್, ವಿಚ್‌ಮನ್, ಡಿಲಾಂಗ್ ಎಂಬ ಮೂವರು ಸಂಶೋಧಕರು ಎಂಪಿಟಿಪಿ ಎಂಬ ವಿಷದಿಂದ ಪಾರ್ಕಿನ್ಸನ್ ಬರಿಸಿದ ಮಂಗಗಳಲ್ಲಿ ಎಸ್‌ಟಿಎನ್ ನಾಶಪಡಿಸಿದಾಗ ಅವುಗಳ ಚಲನೆ ಮರಳಿತು. ನನ್ನ ಕಸುಬು ನಿಂತಿರುವುದೇ ಆ ಪ್ರಯೋಗದ ಮೇಲೆ.

ಹಿಂದಿನ ರಾತ್ರಿಯೇ ಲೆವೊಡೋಪ, ಅಂದರೆ ಡೋಪಮೈನ್ ಕೊರತೆ ತುಂಬುವ ಔಷಧ, ನಿಲ್ಲಿಸಿರುತ್ತೇವೆ. ರೋಗಿ ಎಚ್ಚರವಾಗಿರಬೇಕು. ಕೂದಲಿಗಿಂತ ತೆಳುವಾದ ತುದಿಯ ಮೈಕ್ರೋಎಲೆಕ್ಟ್ರೋಡನ್ನು ಅರ್ಧರ್ಧ ಮಿಲಿಮೀಟರ್ ಇಳಿಸುತ್ತಾ ಕೋಶಗಳ ವಿದ್ಯುತ್ ಮಿಡಿತವನ್ನು ಸದ್ದಾಗಿಸುವ ಸ್ಪೀಕರಿಗೆ ಕಿವಿಗೊಡುತ್ತೇನೆ. ಥಲಾಮಸ್ ದಾಟಿದ ಮೇಲೆ ಸ್ವಲ್ಪ ದೂರ ಬಹುಪಾಲು ಮೌನ. ಆಮೇಲೆ ಒಮ್ಮೆಲೇ ತಗಡಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಸದ್ದು. ಪರದೆಯ ಮೇಲಿನ ಗೆರೆಯೂ ದಪ್ಪವಾಗುತ್ತದೆ. ಅದೇ ಎಸ್‌ಟಿಎನ್. "ಅಜ್ಜಾ, ಕೈ ಸಡಿಲ ಬಿಡಿ, ನಾನೇ ಆಡಿಸ್ತೀನಿ" ಅಂತ ಮಣಿಕಟ್ಟು ಮಡಚಿದರೆ, ಚಲನೆಯ ಭಾಗದ ಕೋಶ ಮಡಚಿದಷ್ಟೂ ಸಲ ಚಟಪಟ ಎನ್ನುತ್ತದೆ. ಇನ್ನೂ ಕೆಳಗಿಳಿದರೆ ಸಣ್ಣ ಮೌನ, ಆಮೇಲೆ ಒಂದೇ ಸಮನಾದ ವೇಗದ ಮಿಡಿತ: ಎಸ್‌ಟಿಎನ್ ಕೆಳಗಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗ. ಅಲ್ಲಿಗೆ ನಿಲ್ಲಿಸುತ್ತೇನೆ. ಸ್ಕ್ಯಾನ್ ಎಷ್ಟೇ ಸ್ಪಷ್ಟವಾಗಿದ್ದರೂ ಈ ಸದ್ದಿನ ಮೇಲೆ ನನಗೆ ಹೆಚ್ಚು ಭರವಸೆ.

ಗ್ಲುಟಮೇಟಿನ ಪರಿಣಾಮ ತಡೆಯಲು ಮಾತ್ರೆಯೂ ಇದೆ. ಫ್ಲೂಗೆಂದು ಬಂದ ಅಮಾಂಟಡಿನ್, ಗ್ಲುಟಮೇಟ್ ಬಂದು ಕೂರುವ ಎನ್‌ಎಂಡಿಎ ರಿಸೆಪ್ಟರನ್ನು ತಡೆದು, ಲೆವೊಡೋಪದಿಂದಾಗುವ ಡಿಸ್ಕೈನೀಸಿಯ, ಅಂದರೆ ಮೈ ತಾನಾಗಿ ಆಡುವುದನ್ನು, ತಗ್ಗಿಸುತ್ತದೆ. ವಯಸ್ಸಾದವರಿಗೆ ಭ್ರಮೆ ತರಬಹುದು, ಕಿಡ್ನಿ ನೋಡಿಕೊಂಡೇ ಕೊಡಬೇಕು.

ಥಿಯೇಟರಿನಲ್ಲಿ ಸದ್ದು ಹಿಡಿದ ಮೇಲೆ ಕರೆಂಟ್ ಪರೀಕ್ಷೆ: 130 ಹರ್ಟ್ಸ್, ಅಂದರೆ ಸೆಕೆಂಡಿಗೆ 130 ಮಿಡಿತ, ಒಂದೊಂದೂ 60 ಮೈಕ್ರೋಸೆಕೆಂಡ್. ಇದು ಕೋಶಗಳನ್ನು ಸುಮ್ಮನೆ ಬಾಯಿಮುಚ್ಚಿಸುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ; ಅಲ್ಲಿನ ನರತಂತುಗಳು ಉದ್ರೇಕಗೊಂಡು, ಪಾರ್ಕಿನ್ಸನ್‌ನಲ್ಲಿ ಅತಿಯಾಗುವ, 13ರಿಂದ 30 ಹರ್ಟ್ಸಿನ ಬೀಟಾ ಎಂಬ ವಿದ್ಯುತ್ ಲಯ ತಗ್ಗುತ್ತದೆ. ಮೊಣಕೈ ಮಡಚುತ್ತಲೇ ಕರೆಂಟ್ ಏರಿಸುತ್ತೇವೆ. ಬಿಗಿತ ಬಿಡುವುದು ನನ್ನ ಕೈಗೇ ಗೊತ್ತಾಗುತ್ತದೆ. "ಕೈ ಹಗುರಾಯ್ತು ಡಾಕ್ಟ್ರೇ" ಅನ್ನುವ ಮಾತು ಎಷ್ಟು ಸಲ ಕೇಳಿದರೂ ಸಂತೋಷವೇ. ಆದರೂ ಏರಿಸುತ್ತಲೇ ಹೋಗಿ, ಮಾತು ಪರೀಕ್ಷಿಸಲು ರೋಗಿಯಿಂದ ಸೋಮವಾರ, ಮಂಗಳವಾರ ಅಂತ ಹೇಳಿಸುತ್ತೇವೆ. ಕರೆಂಟ್ ಪಕ್ಕದ ಇಂಟರ್ನಲ್ ಕ್ಯಾಪ್ಸೂಲಿಗೆ, ಅಂದರೆ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರತಂತುಗಳ ಕಟ್ಟಿಗೆ, ಹರಿದರೆ ನಾಲಿಗೆ ತೊದಲುತ್ತದೆ. ಬಿಗಿತ ಬಿಟ್ಟ ಕರೆಂಟಿಗೂ ಮಾತು ತೊದಲಿದ ಕರೆಂಟಿಗೂ ಅಂತರ ಹೆಚ್ಚಿದ್ದ ಕಡೆಯೇ ಕಾಯಂ ಎಲೆಕ್ಟ್ರೋಡ್ ಕೂರಿಸುತ್ತೇವೆ.